ಬಂದೂಕು ಹಿಡಿಯದ ಎಜ್ರಾ ಮೇಷ್ಟ್ರು

ನಂಜನಗೂಡಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ಆಗ ಒಂದೇ ಒಂದು ಯಹೂದಿ ಕುಟುಂಬವಿತ್ತು. ಪಾರ್ಸೆಲ್ ಗುಮಾಸ್ತರಾಗಿದ್ದ ದಿವೇಕರ್ ಕೊಂಕಣದ ಕಡೆಯವರು. ಮನೆಯಲ್ಲಿ ಮರಾಠಿ, ಪ್ರಾರ್ಥನೆಗೆ ಹೀಬ್ರೂ, ಬೀದಿಗಿಳಿದರೆ ಕನ್ನಡ. ಮಗ ಎಜ್ರಾನಿಗೆ ಮಾತ್ರ ಜಗಳ, ಕನಸು, ಮಗ್ಗಿ ಎಲ್ಲವೂ ಕನ್ನಡದಲ್ಲೇ. "ನೀವು ಕ್ರಿಶ್ಚಿಯನ್ನರಾ, ಸಾಬರಾ?" ಎಂದು ಕೇಳುವವರಿಗೆ ವಿವರಿಸಿ ಸಾಕಾಗಿ, "ನಾವು ಸ್ಟೇಷನ್ನಿನೋರು" ಎಂದುಬಿಡುತ್ತಿದ್ದ.

ಅಪ್ಪ ನಿವೃತ್ತರಾದ ಮೇಲೆ, 1971ರಲ್ಲಿ, ಸಂಸಾರ ಇಸ್ರೇಲಿಗೆ ಹೋಯಿತು. ಎಜ್ರಾನಿಗೆ ಇಪ್ಪತ್ತು ವರ್ಷ. ಅಲ್ಲಿ ಸೈನ್ಯದ ಸೇವೆ ಕಡ್ಡಾಯ. ತರಬೇತಿ ಮೈದಾನದಲ್ಲಿ ಗುರಿಗೆಂದು ನಿಲ್ಲಿಸಿದ್ದ ಹಲಗೆಯ ಮೇಲೆ ಯಾರೋ ಕಣ್ಣು ಮೂಗು ಬರೆದು, ಮೀಸೆಯನ್ನೂ ತೀಡಿದ್ದರು. ಆ ಮುಖವನ್ನು ನೋಡಿದವನೇ ಎಜ್ರಾ ಬಂದೂಕು ಕೆಳಗಿಟ್ಟ.

"ಗುಂಡು ಹಾರಿಸೋಕಾಗದವನು ಈ ದೇಶಕ್ಕೆ ಯಾಕೆ ಬಂದೆ?" ಎಂದು ಅಧಿಕಾರಿ ರೇಗಿದ.

"ಬದುಕೋಕೆ ಬಂದೆ. ಆ ಕಡೆಯವರಿಗೂ ಅದೇ ಆಸೆ ಇರಬೇಕು," ಎಂದ ಎಜ್ರಾ.

ಜೈಲಾಯಿತು. ಹೊರಬಂದ ಮೇಲೆ ಮತ್ತೆ ಕರೆದರು, ಮತ್ತೆ ಒಲ್ಲೆನೆಂದ, ಮತ್ತೆ ಜೈಲು. ಅಮ್ಮ ಅತ್ತರು. ಅಪ್ಪ ಮಾತು ಬಿಟ್ಟರು. 1973ರಲ್ಲಿ ಅರಬ್ ದೇಶಗಳ ಜೊತೆ ಯುದ್ಧ ಶುರುವಾದಾಗ ಎಜ್ರಾ ತಾನಾಗಿಯೇ ಹೋಗಿ, "ಬಂದೂಕು ಬೇಡ, ಗಾಯಾಳುಗಳನ್ನು ಹೊರೋ ಕೆಲಸ ಕೊಡಿ" ಎಂದು ಕೇಳಿಕೊಂಡ. ಜನ ಸಾಲದ ಹೊತ್ತು, ಕೊಟ್ಟರು.

ಆಸ್ಪತ್ರೆಯ ಬಾಗಿಲಲ್ಲಿ ಸೈನಿಕನೊಬ್ಬ ಅವನ ಕೈ ಬಿಗಿಯಾಗಿ ಹಿಡಿದು, ಏನಾದರೂ ಹೇಳು ಎಂದು ಅಂಗಲಾಚಿದ. ಆ ಗಳಿಗೆಯಲ್ಲಿ ಹೀಬ್ರೂ ಬಾಯಿಗೇ ಬರಲಿಲ್ಲ. "ಚಾಮರಾಜಪುರಂ, ಅಶೋಕಪುರಂ, ಕಡಕೊಳ, ತಾಂಡವಪುರ, ನಂಜನಗೂಡು," ಎಂದು ಎಜ್ರಾ ಮೈಸೂರಿನಿಂದ ತನ್ನೂರಿಗೆ ಬರುವ ಸ್ಟೇಷನ್ನುಗಳನ್ನು ಹೇಳತೊಡಗಿದ. ಸೈನಿಕ ಅದನ್ನು ಪ್ರಾರ್ಥನೆ ಎಂದುಕೊಂಡು "ಆಮೆನ್" ಎಂದ. ಬದುಕಿಯೂ ಉಳಿದ.

ಯುದ್ಧ ಮುಗಿದ ಮೇಲೆ ಅಪ್ಪನೇ ಟಿಕೆಟ್ ತಂದುಕೊಟ್ಟರು. "ನೀನು ಮಾಡಿದ್ದು ನನಗಿನ್ನೂ ಅರ್ಥವಾಗಿಲ್ಲ. ಆದರೆ ಹೆದರಿ ಮಾಡಿದ್ದಲ್ಲ ಅಂತ ಗೊತ್ತಾಯಿತು. ನಿನಗೆ ಒಗ್ಗೋ ಊರಿಗೆ ಹೋಗು," ಎಂದರು.

ಹಾಗೆ ಮರಳಿದ ಎಜ್ರಾ ತಿ. ನರಸೀಪುರದ ಒಂದು ಶಾಲೆಯಲ್ಲಿ ಇಂಗ್ಲಿಷ್ ಮೇಷ್ಟ್ರಾದರು. ಅಲ್ಲೇ ಪಾಠ ಹೇಳುತ್ತಿದ್ದ ಮಂಗಳಗೌರಿಯ ಮೇಲೆ ಮನಸ್ಸಾಯಿತು. ಹೆಣ್ಣು ಕೇಳಲು ಅವರ ಊರಾದ ಬಿಳಿಗೆರೆಗೆ ಹೋದರೆ, ಅವರ ತಂದೆ ಪುಟ್ಟಬಸವಯ್ಯ ವಿಭೂತಿ ಹಚ್ಚಿಕೊಂಡು ಜಗಲಿಯ ಮೇಲೆ ಕೂತಿದ್ದರು.

"ನಿಮ್ಮ ದ್ಯಾವ್ರು ಯಾವ್ದಪ್ಪಾ?"

"ಒಬ್ಬನೇ ದೇವ್ರು. ಮೂರ್ತಿ ಇಲ್ಲ."

"ಶುಕ್ರವಾರ ಏನ್ ಮಾಡ್ತೀರಿ?"

"ಸಾಯಂಕಾಲ ದೀಪ ಹಚ್ತೀವಿ."

"ನಮ್ಮನೇಲೂ ಹಚ್ತಾರೆ. ಬಾಡು ತಿಂತೀಯಾ?"

"ನಿಮ್ಮ ಮಗಳು ಒಪ್ಪಿದ್ರೆ ಬಿಟ್ಬಿಡ್ತೀನಿ."

ಪುಟ್ಟಬಸವಯ್ಯ ಒಳಗೆ ತಿರುಗಿ, "ಪಾಯಸಕ್ಕಿಡ್ರವ್ವಾ!" ಎಂದು ಕೂಗಿದರು. ನೆಂಟರಲ್ಲಿ ಕೆಲವರು ಮದುವೆಗೆ ಬರಲಿಲ್ಲ. ಬಂದವರು ಚೆನ್ನಾಗಿ ಉಂಡರು.

ಮೇಷ್ಟ್ರು ವಾರಪತ್ರಿಕೆಗಳಿಗೆ ನಗೆಬರಹ ಬರೆದು ಹೆಸರು ಮಾಡಿದರು. ಯುದ್ಧದ ವಿಷಯ ಮಾತ್ರ ಬರೆದಿರಲಿಲ್ಲ. "ನಂಗೊಬ್ಳಿಗೇ ಎಷ್ಟು ವರ್ಷ ಹೇಳ್ತೀರಿ? ಬೇರೆಯವರೂ ಕೇಳ್ಲಿ," ಎಂದು ಮಂಗಳಗೌರಿ ಹಟ ಹಿಡಿದ ಮೇಲೆ, ಎಪ್ಪತ್ತು ದಾಟಿದ ಮೇಷ್ಟ್ರು ಬರೆಯಲು ಕೂತರು.

ಹೋದ ವರ್ಷ ತಿ. ನರಸೀಪುರದಲ್ಲಿ ಆ ಪುಸ್ತಕ ಬಿಡುಗಡೆಯಾಯಿತು. ಭಾಷಣ ಮುಗಿಯುತ್ತಿದ್ದಂತೆ ಹಿಂದಿನ ಸಾಲಿನಿಂದ ಊರುಗೋಲು ಹಿಡಿದ ಮುದುಕರೊಬ್ಬರು ಎದ್ದರು. ಹೆಮ್ಮಿಗೆಯ ಬೆಟ್ಟಯ್ಯ, ಮಾಜಿ ಸೈನಿಕ.

"ನಾನು ಎಪ್ಪತ್ತೊಂದ್ರ ವಾರ್‌ನಲ್ಲಿದ್ದೋನು ಸಾ. ಗನ್ ಇಡ್ದೋರೆಲ್ಲ ಪಾಪಿಗಳು ಅಂತಾನಾ ನಿಮ್ಮ ಬುಕ್ಕು?"

ಮೇಷ್ಟ್ರು ಮೈಕು ಬಿಟ್ಟು ಮುಂದೆ ಬಂದರು. "ಅಲ್ಲ ಕಣ್ರೀ. ನನ್ ಕೈಲಿ ಆಗ್ಲಿಲ್ಲ, ಅಷ್ಟೇ. ನಾನು ಹೊತ್ತೋರೆಲ್ಲ ಗನ್ ಹಿಡಿದಿದ್ದೋರೇ. ಒಬ್ಬೊಬ್ಬರ ಮುಖಾನೂ ನೆನಪಿದೆ."

ಬೆಟ್ಟಯ್ಯ ಊರುಗೋಲು ಊರಿಕೊಂಡು ಒಂದು ಹೆಜ್ಜೆ ಮುಂದೆ ಬಂದರು. "ನನ್ನೂ ಯಾರೋ ಒತ್ಕಂಡ್ ಬಂದ್ರು ಸಾ. ಯಾರು ಅಂತ್ಲೇ ಗೊತ್ತಾಗ್ಲಿಲ್ಲ. ಒಂದ್ಸಲ ಊಟ ಆಕಾನ ಅಂದ್ರೆ ಆಸಾಮಿ ಸಿಕ್ನಿಲ್ಲ. ಅವ್ನ ಬದ್ಲು ನೀವು ಬನ್ನಿ. ನಾಟಿ ಕೋಳಿ ಕುಯ್ಸ್ತೀನಿ."

"ಕೋಳಿ ಬ್ಯಾಡಿ ಅಣ್ಣಾ, ಅವರೇಕಾಳು ಮಾಡ್ಸಿ!" ಎಂದು ಮುಂದಿನ ಸಾಲಿನಿಂದ ಮಂಗಳಗೌರಿ ಕೂಗಿದರು. ಸಭೆಯೆಲ್ಲ ನಕ್ಕಿತು.

ಮುಂದಿನ ವಾರವೇ ದಂಪತಿ ಹೆಮ್ಮಿಗೆಯಲ್ಲಿ ಉಂಡರು. ಈಗ ಮೇಷ್ಟ್ರು ಬರೆಯುತ್ತಿರುವುದು ಬೆಟ್ಟಯ್ಯನವರ ಕಥೆ. ಯಹೂದಿಗಳ ವಿಶ್ರಾಂತಿಯ ದಿನವಾದ ಶನಿವಾರ ಮೇಷ್ಟ್ರು ಪೆನ್ನು ಮುಟ್ಟುವುದಿಲ್ಲವಾದ್ದರಿಂದ ಬೆಟ್ಟಯ್ಯ ಭಾನುವಾರದ ಬಸ್ಸಿಗೆ ಬರುತ್ತಾರೆ. ಬರೆದದ್ದನ್ನು ಓದಿಸಿಕೊಂಡು ತಕರಾರು ತೆಗೆಯುತ್ತಾರೆ.

"ಬಿಕ್ಕಿ ಬಿಕ್ಕಿ ಅತ್ತ ಅಂತ ಬರ್ದಿದ್ದೀರಲ್ಲ ಸಾ, ಅದ ತಗೀರಿ. ನಾನು ಅಳೋ ಪೈಕಿ ಅಲ್ಲ."

"ಈಗ ಕಣ್ಣಲ್ಲಿ ನೀರು ಬರ್ತಿದೆಯಲ್ರೀ?"

"ಅದು ಒಳಗೆ ಈರುಳ್ಳಿ ಎಚ್ತಾವ್ರೆ, ಅದ್ಕೆ."

"ಈವತ್ತು ಈರುಳ್ಳೀನೇ ತಂದಿಲ್ಲ!" ಎಂದು ಅಡುಗೆಮನೆಯಿಂದ ಮಂಗಳಗೌರಿಯ ದನಿ ಬಂತು.