ಸುಣ್ಣ ಕಟ್ಟಿದ ಕೊಳವೆ

ಕಾಕಾರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಯಾವ ಕೊಳವೆ ಕಂಡರೂ ಆ ಬೆರಳನ್ನು ಅದರ ಬಾಯೊಳಗೆ ತೂರಿಸಿ ಒಳಮೈ ಕೆರೆದು ನೋಡುತ್ತಿದ್ದರು. ಧಾರವಾಡ ಕಡೆಯವರು; ಮರಾಠಿ ಸೀಮೆಯ ಶಿವಾಜಿನಗರದ ನಮ್ಮ ವಿನ್ಯಾಸ ಕಚೇರಿಯಲ್ಲಿ ಹಿರಿಯ ಎಂಜಿನಿಯರು. ತೊಂಬತ್ತರ ದಶಕದ ಕೊನೆಗೆ ಕಿರಿಯ ಎಂಜಿನಿಯರಾಗಿ ಸೇರಿದ ನಾನೂ ಎಲ್ಲರಂತೆ ಅವರನ್ನು ಕಾಕಾ ಎಂದೇ ಕರೆದೆ. ಬೇರೆಯವರೊಡನೆ ಮರಾಠಿ, ನನ್ನೊಡನೆ ಕನ್ನಡ.

ಆಗ ಕೊಂಕಣದಲ್ಲಿ ನೆಲದಾಳದ ಬಿಸಿನೀರು ಎತ್ತಿ ಮೀನು ಒಣಗಿಸುವ ಘಟಕಕ್ಕೆ ನಮ್ಮದೇ ನಕ್ಷೆ. "ಒತ್ತಡ ಇಳಿದಲ್ಲಿ ಈ ನೀರು ಸುಣ್ಣ ಬಿಡ್ತದ್ರಿ. ಕೊಳವಿ ಅಗಲದಾಗ ಅರ್ಧ ಕಟ್ಟಿದ್ರ ಅರ್ಧ ನೀರು ಬರ್ತದ ಅನಬ್ಯಾಡ್ರಿ, ಆರರಾಗ ಒಂದು ಪಾಲೂ ಕಷ್ಟ," ಎನ್ನುತ್ತಿದ್ದರು. ಕೊಳವೆಗೆ ಅಲ್ಲಲ್ಲಿ ಮುಚ್ಚಳವಿರುವ ಬಾಯಿಗಳನ್ನಿಟ್ಟು ಸುಣ್ಣ ಕೆರೆಸಬೇಕೆಂದು ವರದಿಗೆ ಒಂದು ಪುಟ ಬರೆದು, ಟೈಪ್ ಮಾಡಲು ನನಗೆ ಕೊಟ್ಟರು.

ಅವರು ಊರಲ್ಲಿಲ್ಲದ ದಿನ ಮ್ಯಾನೇಜರು, ಗಿರಾಕಿ ಹೆದರುತ್ತಾನೆ, ಆ ಪುಟ ತೆಗೆ ಎಂದರು. ತೆಗೆದೆ. ಪುಟಸಂಖ್ಯೆಗಳನ್ನು ಪೆನ್ನಿನಿಂದ ತಿದ್ದಿದೆ. ಕಾಕಾರಿಗೆ ಹೇಳಲಿಲ್ಲ.

ವರ್ಷ ತುಂಬುವುದರೊಳಗೆ ನೀರು ಸೊರಗಿತು. ಕತ್ತರಿಸಿ ನೋಡಿದರೆ ಆರಿಂಚಿನ ಕೊಳವೆಯಲ್ಲಿ ಮೂರಿಂಚಿನ ತೂತು, ಸುತ್ತ ಬಿಳಿ ಕಲ್ಲು. ಸಭೆಯಲ್ಲಿ ಗಿರಾಕಿ, ಮೊದಲೇ ಏಕೆ ಹೇಳಲಿಲ್ಲ ಎಂದು ಕಾಕಾರನ್ನು ಕೇಳಿದ. "ಬರೆದಿದ್ದೆ," ಎಂದು ಅವರು ವರದಿಯನ್ನು ಎರಡು ಸಲ ಮಗುಚಿದರು. ಆಮೇಲೆ ನನ್ನ ಮುಖ ನೋಡಿದರು. ನಾನು ಮೇಜು ನೋಡುತ್ತಾ ಕೂತೆ.

ತಪ್ಪು ಕಾಕಾರದೆಂದು ಅವರನ್ನು ಯೆರವಡಾದ ಗೋದಾಮಿಗೆ ಹಾಕಿದರು. ಅವರು ಜಗಳವಾಡಲಿಲ್ಲ, ನನ್ನನ್ನು ಕೇಳಲಿಲ್ಲ. ನನಗೆ ಅವರ ಮೇಲೇ ಸಿಟ್ಟು ಬರುತ್ತಿತ್ತು. ಬೈದಿದ್ದರೆ ಅಳಬಹುದಿತ್ತು. ಕೊನೆಗೊಂದು ದಿನ ಗೋದಾಮಿಗೇ ಹೋದೆ.

"ಆ ಪುಟ ನಾನ ತೆಗೆದಿದ್ದು, ಕಾಕಾ."

"ಗೊತ್ತದ. ಪೆನ್ನಿನ ಅಂಕಿ ನಿಮ್ಮವ."

"ನೀವ್ಯಾಕ ಹೇಳಲಿಲ್ಲ?"

"ನೀವು ಹೇಳ್ತೀರಿ ಅಂತ ಕಾದೆ," ಎಂದರು. ಇರಲಿ ಬಿಡ್ರಿ ಅನ್ನಬಹುದೆಂದು ನಿಂತೇ ಇದ್ದೆ. ಅನ್ನಲಿಲ್ಲ. ಚಹಾ ತರಿಸಿದರು.

ಅಲ್ಲಿಂದಲೇ ನಿವೃತ್ತರಾಗಿ, ಎರಡು ವರ್ಷಕ್ಕೆ ತೀರಿಕೊಂಡರು. ಅಲ್ಲಿಯವರೆಗೆ ಕಟ್ಟಿದ ತುಂಡುಗಳನ್ನಷ್ಟೇ ಬದಲಿಸುತ್ತಿದ್ದ ಘಟಕಕ್ಕೆ ಆ ವರ್ಷವೇ ಹೊಸ ಕೊಳವೆ ಬಂತು. ಕಾಕಾ ಬರೆದಿದ್ದಂತೆಯೇ ಬಾಯಿಗಳನ್ನಿಟ್ಟು ನಾನೇ ನಕ್ಷೆ ಮಾಡಿದೆ. ಸಭೆಯಲ್ಲಿ ಗಿರಾಕಿ ಮ್ಯಾನೇಜರನ್ನು ಹೊಗಳಿದಾಗ ಎದ್ದು ನಿಂತೆ. ಇದು ಕಾಕಾರ ಯೋಚನೆ, ಮೊದಲ ವರದಿಯಲ್ಲೇ ಬರೆದಿದ್ದರು, ಈ ಮ್ಯಾನೇಜರು ಹೇಳಿದರೆಂದು ಆ ಪುಟ ಕಿತ್ತವಳು ನಾನು ಎಂದೆ.

ಮ್ಯಾನೇಜರು ನಕ್ಷೆಯನ್ನು ಸುತ್ತಿಟ್ಟರು. ಆಮೇಲೆ ಯಾರೋ ಪಂಪಿನ ವಿಷಯ ಎತ್ತಿದರು.