ಗೌರಿಯ ವಯಸ್ಸು

ಕಡೂರಿನ ಸರ್ಕಾರಿ ಆಸ್ಪತ್ರೆಗೆ ವಾರಕ್ಕೊಮ್ಮೆ ಮಾನಸಿಕ ಆರೋಗ್ಯದ ಆಪ್ತಸಮಾಲೋಚಕಿಯಾಗಿ ಹೋಗುತ್ತೇನೆ. ಹೊಸ ಕಾನೂನು ತಂದ ಒಂದು ಫಾರಂ ನನಗೆ ಬಹಳ ಇಷ್ಟ. ಕಾಯಿಲೆ ಉಲ್ಬಣಿಸಿದಾಗ ತನ್ನ ಪರವಾಗಿ ಯಾರು ಮಾತಾಡಬೇಕೆಂದು ರೋಗಿಯೇ ಮೊದಲೇ ಬರೆದಿಡಬಹುದು.

ಎಮ್ಮೆದೊಡ್ಡಿಯ ರಂಗಪ್ಪ ಅಣ್ಣನ ಜೊತೆ ಬಂದಿದ್ದ. ಆರು ತಿಂಗಳ ಮಾತ್ರೆಯಿಂದ ಗೆಲುವಾಗಿದ್ದ. "ಯಾರ ಹೆಸರು ಬರೀಲಿ?" ಎಂದೆ. ಅಣ್ಣ ಆಗಲೇ ಆಧಾರ್ ಕಾರ್ಡ್ ಹೊರತೆಗೆದಿದ್ದ.

"ಗೌರಿ ಅಂತ ಬರ್ಕಳಮ್ಮ. ನಮ್ಮ ಹಸು," ಎಂದ ರಂಗಪ್ಪ.

ಮಾತ್ರೆ ನಿಲ್ಲಿಸಿದ್ದಾನೇನೋ ಎಂದು ಅವನ ಚೀಟಿ ತಿರುವಿದೆ.

ರಂಗಪ್ಪ ಕಿಟಕಿಯಾಚೆ ನೋಡುತ್ತ, ಕನಸು ಹೇಳುವವನಂತೆ ಹೇಳಿದ: "ತಲೆ ಕೆಟ್ಟಾಗ ಹುಲ್ಗಾವಲ್ನಾಗೆ ನಡೀತಾನೇ ಇರ್ತೀನಿ. ಹುಲ್ಲೆಲ್ಲಾ ನೀರಿದ್ದಂಗೆ ಅಲ್ಲಾಡ್ತದೆ. ಊರು ಯಾವ ಕಡೆ ಅಂತ ಗೊತ್ತಾಗಲ್ಲ. ಗೌರಿ ಪಕ್ಕದಲ್ಲೇ ಮೇಯ್ತಿರ್ತಾಳೆ, ಏನೂ ಕೇಳಲ್ಲ. ಹೊತ್ತಿಳಿದ್ರೆ ಮನೆ ಕಡೆ ತಿರುಗ್ತಾಳೆ, ನಾನೂ ಹಿಂದೆ ಹೋಗ್ತೀನಿ. ಅಣ್ಣ ಬಂದ್ರೆ ನನ್ನ ಕಟ್ಟಾಕಕ್ಕೆ ಹಗ್ಗ ತತ್ತಾನೆ."

ಅಣ್ಣ ತಲೆ ತಗ್ಗಿಸಿ ಕಾರ್ಡನ್ನು ತಿರುಗಿಸುತ್ತ ಕೂತ.

"ನಿನ್ನ ಪರವಾಗಿ ಮಾತಾಡೋರಿಗೆ ಹದಿನೆಂಟು ತುಂಬಿರಬೇಕು ರಂಗಪ್ಪ," ಎಂದೆ. ಹಸು ಬೇಡವೆನ್ನಲು ನನಗೆ ಹೊಳೆದದ್ದು ಆ ಒಂದು ನಿಯಮ.

"ಅವಳಿಗಿನ್ನೂ ಒಂಬತ್ತು," ಎಂದ ಬೇಜಾರಿನಿಂದ.

ಅಣ್ಣ ಕಾರ್ಡನ್ನು ಮೆಲ್ಲಗೆ ಮೇಜಿನ ಮೇಲಿಟ್ಟ. "ನಂದೇ ಬರ್ಕಳಿ ಮೇಡಂ. ಇನ್ಮೇಲೆ ಹಗ್ಗ ತರಲ್ಲ."

"ಏನೂ ಕೇಳ್ದಂಗೆ ಪಕ್ಕದಲ್ಲಿರ್ತೀಯಾ?"

"ಇರ್ತೀನಿ ಕಣೋ."

ರಂಗಪ್ಪ ಸಹಿ ಹಾಕಲು ಹಿಡಿದ ಪೆನ್ನನ್ನು ಮತ್ತೆ ಕೆಳಗಿಟ್ಟ. "ಗೌರಿಗೆ ಹದಿನೆಂಟು ಆಗೋಗಂಟ ಮಾತ್ರ ಅಂತ ಸೇರ್ಸಮ್ಮ."

ಫಾರಂನಲ್ಲಿ ಅದಕ್ಕೆ ಜಾಗವಿರಲಿಲ್ಲ. ಅಂಚಿನಲ್ಲಿ ಬರೆದೆ.