ಸೀಮೆಎಣ್ಣೆ ಅತ್ತಿಗೆಯ ಡ್ರಿಲ್ಲಿಂಗ್ ಮಷೀನು

ಸೀಮೆಎಣ್ಣೆ ಅತ್ತಿಗೆ ಎಂಬ ಹೆಸರು ಆಕೆಗೆ ನಾದಿನಿ ಇಟ್ಟದ್ದು. ಎರಡು ವರ್ಷದಿಂದ ಆಕೆಯ ಸೆರಗು, ಬೆರಳು, ಕೊನೆಗೆ ತಲೆದಿಂಬು ಕೂಡ ಸೀಮೆಎಣ್ಣೆ ನಾರುತ್ತಿದ್ದವು. ಕಾರಣ, ಮನೆ ಹಿಂದಿನ ಶೆಡ್ಡಿನಲ್ಲಿ ಬಿಡಿಬಿಡಿಯಾಗಿ ಬಿದ್ದಿದ್ದ ಹಳೇ ಡ್ರಿಲ್ಲಿಂಗ್ ಮಷೀನು. ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ಗಂಡ ನಿವೃತ್ತನಾದ ವಾರವೇ ಅದನ್ನು ಗುಜರಿಯಿಂದ ಹೊರಿಸಿಕೊಂಡು ಬಂದಿದ್ದ. ಆಳೆತ್ತರದ ಕಬ್ಬಿಣದ ಕಂಬ, ಅದರ ಮೇಲೊಂದು ದಪ್ಪ ತಲೆ, ಮೈತುಂಬ ತುಕ್ಕು. "ಅಜ್ಜನ ಕಾಲದ್ದು. ಹೊಸದರ ಹಾಗೆ ಮಾಡ್ತೀನಿ, ನೋಡ್ತಿರು," ಎಂದಿದ್ದ.

ಆತ ಮಾಡಿದ್ದು ಬಿಚ್ಚುವ ಕೆಲಸ. ತುಕ್ಕು ಕೆರೆದವಳು, ಸೀಮೆಎಣ್ಣೆಯಲ್ಲಿ ನೆನೆಹಾಕಿದವಳು, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಸಂದುಗೊಂದು ತಿಕ್ಕಿದವಳು, ಒರೆಸಿ ಎಣ್ಣೆ ಸವರಿ ಡಬ್ಬಿಗಳಲ್ಲಿ ತುಂಬಿಟ್ಟವಳು ಆಕೆ. ಗಂಡ ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಸ್ಟೂಲಿನ ಮೇಲೆ ಕೂತು, "ಒಣಗಿದ್ದು ಒಂದೂ ಇರಬಾರದು. ಎಲ್ಲಕ್ಕೂ ಎಣ್ಣೆ, ಎಲ್ಲಕ್ಕೂ!" ಅನ್ನುತ್ತಿದ್ದ. ಯಾರಾದರೂ ಬಂದರೆ, "ನಾನೇ ರಿಪೇರಿ ಮಾಡ್ತಿದೀನಿ," ಎಂದು ತೋರಿಸುತ್ತಿದ್ದ. ಅಷ್ಟು ಹೊತ್ತಿಗೆ ಆಕೆ ಬಂದವರಿಗೆ ಚಹಾ ಮಾಡಲು ಒಳಗೆ ಹೋಗಿರುತ್ತಿದ್ದಳು.

"ಹೆತ್ತ ಮಕ್ಕಳಿಗೂ ಇಷ್ಟು ಸಲ ಮೈ ತಿಕ್ಕಿ ಸ್ನಾನ ಮಾಡಿಸಿರಲಿಲ್ಲ ನೀವು," ಎಂದು ನಾದಿನಿ ಕಿಚಾಯಿಸುತ್ತಿದ್ದಳು.

ಆಮೇಲೆ ಗಂಡನಿಗೆ ಬಣ್ಣದ ಮೀನು ಸಾಕುವ ಹುಚ್ಚು ಹತ್ತಿತು. ಒಂದು ಸೋಮವಾರ ಊಟಕ್ಕೆ ಕೂತಾಗ ಹೇಳಿದ: "ಭಾನುವಾರ ಗುಜರಿಯವನು ಬರ್ತಾನೆ. ಆ ಕಬ್ಬಿಣ ಹೋಗ್ಲಿ, ಶೆಡ್ಡಲ್ಲಿ ಮೀನಿನ ತೊಟ್ಟಿ ಇಡ್ತೀನಿ."

"ಅದನ್ನ ಕೊಡೋದು ಬೇಡ," ಎಂದಳು. ಹೇಳಿದ ಮೇಲೆ ಆಕೆಗೇ ಗಾಬರಿಯಾಯಿತು.

"ಯಾಕೆ? ನಿನಗ್ಯಾಕದು?"

ಯಾಕೆಂದು ಆಕೆಗೂ ತಿಳಿಯಲಿಲ್ಲ. ಜೀವನದಲ್ಲಿ ಕಬ್ಬಿಣಕ್ಕೆ ತೂತು ಕೊರೆಯುವ ಅಗತ್ಯ ಆಕೆಗೆ ಒಮ್ಮೆಯೂ ಬಿದ್ದಿರಲಿಲ್ಲ. ಸಾರು ಬಡಿಸಿದಳು.

ಗಂಡ ನಕ್ಕ. "ಸರಿ, ಭಾನುವಾರದೊಳಗೆ ಅದು ಒಂದು ತೂತು ಕೊರೆದರೆ ಇರ್ಲಿ."

"ಜೋಡಿಸೋದು ಹೇಗೆ ಅಂತ ಹೇಳಿಕೊಡಿ ಮತ್ತೆ."

"ಕ್ರಮವೆಲ್ಲ ನನ್ನ ತಲೇಲಿದೆ ಕಣೇ."

"ಹಾಗಾದ್ರೆ ತಲೇನ ಒಂದು ಗಂಟೆ ಶೆಡ್ಡಿಗೆ ಕಳಿಸಿ."

ತಲೆ ಮೀನಿನ ಅಂಗಡಿಗೆ ಹೋಯಿತು.

ಆಕೆ ಒಲೆಯ ಮೇಲೆ ಬೇಳೆ ಇಟ್ಟು ಶೆಡ್ಡಿಗೆ, ಕುಕ್ಕರ್ ಕೂಗಿದರೆ ಅಡುಗೆಮನೆಗೆ, ಬಟ್ಟೆ ಒಣಹಾಕಿ ಮತ್ತೆ ಶೆಡ್ಡಿಗೆ. ಒಂದೊಂದು ಭಾಗದ ಕಲೆ, ಕುಳಿ, ಗೀರು ಆಕೆಯ ಬೆರಳಿಗೆ ಬಾಯಿಪಾಠ. ಆದರೆ ಯಾವುದು ಯಾತಕ್ಕೆ ಎಂಬುದೇ ಗೊತ್ತಿಲ್ಲ. ಡಬ್ಬಿಗಳಲ್ಲಿ ತುಂಬುವಾಗ ದೊಡ್ಡದು ಕೆಳಗೆ, ಚಿಕ್ಕದು ಮೇಲೆ ಎಂದು ಪಾತ್ರೆ ಜೋಡಿಸಿದಂತೆ ಜೋಡಿಸಿದ್ದಳು. ಸೌಟಿನಂಥ ಹಿಡಿಯನ್ನು ತಲೆಕೆಳಗಾಗಿ ಹಾಕಿ ಬಿಚ್ಚಿದಳು. ತಟ್ಟೆಗಳನ್ನು ಪೇರಿಸಿದಂತಿದ್ದ ಗಾಲಿಗೆ ಬೆಲ್ಟ್ ಹಾಕಿದರೆ ಜಾರಿತು. ಮೋಟಾರನ್ನು ನಾಲ್ಕು ಬೆರಳು ಹಿಂದಕ್ಕೆ ಸರಿಸಿದ ಮೇಲೆ ಬಿಗಿಯಾಯಿತು. ಬುಧವಾರ ಎಲ್ಲ ಕೂಡಿತು. ಮೂರು ಬೋಲ್ಟು ಉಳಿದವು.

ಜೊತೆಗೆ ಚಕ್ ನಿಲ್ಲಲಿಲ್ಲ. ತೂತು ಕೊರೆಯುವ ಮೊನೆಯನ್ನು ಕಚ್ಚಿ ಹಿಡಿಯುವುದು ಚಕ್. ಅದರ ಬೆನ್ನಿಗೊಂದು ಮೊಂಡು ಗೂಟ, ಲೋಟದ ಹಾಗೆ ತುದಿಗೆ ಹೋಗುತ್ತ ಸಣ್ಣಗಾದದ್ದು. ಅದು ಮೇಲಿನ ತಿರುಗುವ ಸರಳಿನ ಕುಳಿಯಲ್ಲಿ ಕೂರಬೇಕು. ಕೂರಿಸಿ ಕೈಬಿಟ್ಟರೆ ದಡಕ್ಕನೆ ಕೆಳಗೆ. ಉಳಿದ ಬೋಲ್ಟು ಇಲ್ಲಿಯದೇ ಇರಬೇಕೆಂದು ಮೂರನ್ನೂ ಇಟ್ಟು ನೋಡಿದಳು. ಬೋಲ್ಟು ಹೋಗುವ ತೂತೇ ಅಲ್ಲಿರಲಿಲ್ಲ. ಎಣ್ಣೆ ಸಾಲದೇನೋ ಎಂದು ಗೂಟಕ್ಕೂ ಕುಳಿಗೂ ಇನ್ನಷ್ಟು ಸವರಿದಳು. ಈಗ ಕೈಬಿಡುವ ಮೊದಲೇ ಬಿತ್ತು.

"ರೀ, ಚಕ್ ಯಾಕೆ ಬೀಳುತ್ತೆ?"

"ತಟ್ಟು, ಕೂರುತ್ತೆ," ಎಂದ ಗಂಡ, ಹೊಸದಾಗಿ ತಂದಿಟ್ಟ ಮೀನಿನ ತೊಟ್ಟಿಯಿಂದ ಕಣ್ಣು ತೆಗೆಯದೆ.

ತಟ್ಟಿದಳು. ಬಿತ್ತು. ಗುರುವಾರ, ಶುಕ್ರವಾರ ಹೀಗೇ ಕಳೆದವು. ತನಗೆ ಹುಚ್ಚೋ, ಮಷೀನಿಗೆ ಹುಚ್ಚೋ ಎಂದು ಆಕೆಗೆ ಅನುಮಾನ ಬಂತು.

ಶನಿವಾರ ಬೆಳಿಗ್ಗೆ ಪಾತ್ರೆ ತೊಳೆಯುವಾಗ ಎರಡು ಸ್ಟೀಲ್ ಲೋಟ ಒಂದರೊಳಗೊಂದು ಸಿಕ್ಕಿಕೊಂಡವು. ಎಳೆದರೂ ಬರಲಿಲ್ಲ, ಕುಟ್ಟಿದರೂ ಬರಲಿಲ್ಲ.

"ಅಂಚಿಗೆ ಒಂದು ತೊಟ್ಟು ಎಣ್ಣೆ ಬಿಡಿ ಅತ್ತಿಗೆ," ಎಂದಳು ನಾದಿನಿ, ಪೇಪರ್ ಮಡಚದೆ.

ಬಿಟ್ಟಳು. ತಿರುವಿದಳು. ಲೋಟಗಳು ಬೇರೆಯಾದವು. ಒಂದೊಂದು ಕೈಯಲ್ಲಿ ಒಂದೊಂದು ಲೋಟ ಹಿಡಿದು ಹಾಗೇ ನಿಂತಳು.

"ಏನಾಯ್ತು?"

"ಎಲ್ಲಕ್ಕೂ ಎಣ್ಣೆ ಅಂದಿದ್ರಲ್ಲ ನಿಮ್ಮಣ್ಣ," ಎನ್ನುತ್ತ ಶೆಡ್ಡಿಗೆ ಓಡಿದಳು. ಗೂಟವನ್ನೂ ಕುಳಿಯನ್ನೂ ಸೋಪಿನ ನೀರಿನಲ್ಲಿ ಉಜ್ಜಿ, ಒಣಬಟ್ಟೆಯಿಂದ ಮೂರು ಸಲ ಒರೆಸಿದಳು. ಕೂರಿಸಿ ಕೆಳಗಿನಿಂದ ಮರದ ತುಂಡಿನಲ್ಲಿ ತಟ್ಟಿದಳು. ಕೈಬಿಟ್ಟಳು. ಬೀಳಲಿಲ್ಲ. ಹಿಡಿದು ಜಗ್ಗಿದಳು, ಅಲುಗಲಿಲ್ಲ.

ಭಾನುವಾರ ಗುಜರಿಯವನು ಬಂದಾಗ ಆಕೆ ಕಬ್ಬಿಣದ ಪಟ್ಟಿಯೊಂದನ್ನು ಬಿಗಿದು ಮೊದಲ ತೂತು ಕೊರೆದು ಮುಗಿಸಿದ್ದಳು. ಗಂಡ ತೂತನ್ನು ಬಗ್ಗಿ ನೋಡಿ ಎದೆಯುಬ್ಬಿಸಿದ. "ನಾನು ಸರಿಯಾಗಿ ಬಿಚ್ಚಿದ್ದಕ್ಕೇ ಕೂಡಿತು."

ಗುಜರಿಯವನು ಮಷೀನಿನ ಸುತ್ತ ಒಂದು ಸುತ್ತು ಬಂದ. "ಓಡೋ ಮಷೀನು ಗುಜರಿಗೆ ಯಾಕೆ ಸ್ವಾಮಿ? ಇಂಥದ್ದನ್ನೇ ಹುಡುಕ್ತಿರೋರು ಒಬ್ಬರಿದ್ದಾರೆ."

"ಹಾಗಾದ್ರೆ ಅವರನ್ನೇ ಕರ್ಕೊಂಡು ಬಾ!"

"ತೂತು ಕೊರೆದರೆ ಇರ್ಲಿ ಅಂದಿದ್ರಿ," ಎಂದಳು.

"ಅದು ತಮಾಷೆಗೆ ಅಂದದ್ದು ಕಣೇ. ಇಟ್ಕೊಂಡು ಏನು ಮಾಡ್ತೀಯ, ಹೇಳು."

ಆಕೆ ಬಹಳ ಹೊತ್ತು ಯೋಚಿಸಿದಳು. ನಿಜವಾಗಿಯೂ ಯೋಚಿಸಿದಳು.

"ಗೊತ್ತಿಲ್ಲ ರೀ. ಎರಡು ವರ್ಷ ಇಟ್ಕೊಂಡಿದ್ರಲ್ಲ, ನಿಮಗೆ ಗೊತ್ತಿತ್ತಾ?"

ಗುಜರಿಯವನು ಚೀಲ ಹೆಗಲಿಗೆ ಹಾಕಿಕೊಂಡು, "ಅಮ್ಮಾವ್ರು ಕೊಡೋ ಹಾಗೆ ಕಾಣಲ್ಲ," ಎಂದು ಗೇಟಿನ ಕಡೆ ನಡೆದ. ಗಂಡ ಯಾಕೋ ಆತನನ್ನು ವಾಪಸು ಕರೆಯಲಿಲ್ಲ. ಮೀನಿನ ತೊಟ್ಟಿ ಎಲ್ಲಿಡಲಿ ಎಂದು ಗೊಣಗುತ್ತ ಒಳಗೆ ಹೋದ.

ಮಧ್ಯಾಹ್ನದ ಹೊತ್ತಿಗೆ ಪಟ್ಟಿಯಲ್ಲಿ ಸಾಲಾಗಿ ಏಳು ತೂತುಗಳಾದವು. ಯಾತಕ್ಕೆಂದು ಆಕೆಗೆ ಇನ್ನೂ ತಿಳಿದಿರಲಿಲ್ಲ. ಎಂಟನೆಯದಕ್ಕೆ ಗುರುತು ಹಾಕಿದಳು.